ಹಾಲೇಶಪ್ಪ ದೊಡ್ಡಪ್ಪನ ಮತ್ತೊಂದಾಟ

ನಮ್ಮೂರಿನಲ್ಲಿ ಇರುವುದು ಒಂದೇ ಟಾಕೀಸು. ವಾರದ ಆರು ದಿನ ಅಲ್ಲಿ ಎಲ್ಲ ಊರಿನ ಟಾಕೀಸುಗಳಲ್ಲಿ ನಡೆಯುವಂತೆಯೇ ಹಾಡು, ಹೊಡೆದಾಟ, ಅಳು ಎಲ್ಲ ನಡೆಯುತ್ತದೆ. ಶುಕ್ರವಾರದ ಮ್ಯಾಟ್ನಿ ಮಾತ್ರ ಬೇರೆ. ಅದಕ್ಕೆ ಪೋಸ್ಟರ್ ಅಂಟಿಸುವುದಿಲ್ಲ, ಮೈಕಿನ ಗಾಡಿ ಬೀದಿ ಸುತ್ತುವುದಿಲ್ಲ. ಅಂದು ಯಾರ ಸರದಿಯೋ ಅವರು ಬೆಳಗ್ಗೆಯೇ ಹೋಗಿ, ಮಿಷನ್ ನಡೆಸುವ ಬುಡೇನ್ ಸಾಬರ ಮುಂದೆ ನಿಂತು, ತಮ್ಮ ಬದುಕಿನ ಯಾವುದಾದರೂ ಒಂದು ಸಂಗತಿಯನ್ನು ಹೇಳಿ, ಅದು ಹಾಗಾಗದೆ ಹೀಗಾಗಿದ್ದರೆ ಎಂದು ಒಂದು ಚೀಟಿಯಲ್ಲಿ ಬರೆಸುತ್ತಾರೆ. ಸಾಬರು ಆ ಚೀಟಿಯನ್ನು ರೀಲಿನ ಖಾಲಿ ಡಬ್ಬಿಯೊಳಗಿಟ್ಟು ಮುಚ್ಚಳ ಬಿಗಿಯುತ್ತಾರೆ. ಮಧ್ಯಾಹ್ನ ಎರಡೂವರೆಗೆ ಡಬ್ಬಿ ತೆರೆದರೆ ರೀಲು ತುಂಬಿರುತ್ತದೆ. ಇದನ್ನು ನಾವು ಮತ್ತೊಂದಾಟ ಅನ್ನುತ್ತೇವೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ.

ಊರು ಇದಕ್ಕೆ ತನ್ನ ಪಾಡಿಗೆ ತಾನು ಹೊಂದಿಕೊಂಡಿದೆ. ಹೆಣ್ಣು ಕೊಡುವವರು ಹುಡುಗ ಕುಡಿಯುತ್ತಾನೆಯೇ ಎಂದು ವಿಚಾರಿಸುವ ಮೊದಲು ಅವನ ಆಟ ಆಗಿದೆಯೇ ಎಂದು ವಿಚಾರಿಸುತ್ತಾರೆ. ಹಿಟ್ಟಿನ ಗಿರಣಿಯ ಪರಮೇಶಿ, ಅಕ್ಕನ ಮಗಳನ್ನು ಮದುವೆಯಾಗಿದ್ದರೆ ಹೇಗಿರುತ್ತಿತ್ತೆಂದು ಬರೆಸಿ, ಮೂರು ಗಂಟೆ ಹೊತ್ತು ಇನ್ನೊಬ್ಬಳ ಬಾಯಲ್ಲಿ ಅದೇ ಬೈಗುಳ ಕೇಳಿದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಕಡಲೆಕಾಯಿ ಸುಲಿದುಕೊಂಡು ಎಲ್ಲವನ್ನೂ ನೋಡಿದಳು. ಬರುವಾಗ ಅವನು ಅವಳಿಗೆ ಎರಡು ಮೊಳ ಮಲ್ಲಿಗೆ ಕೊಂಡ. ಎಲ್ಲರದೂ ಹೀಗೆ ಸಲೀಸಾಗಿ ಮುಗಿಯುವುದಿಲ್ಲ. ಹಿಂದೆ ಯಾರೋ ಹೆಂಗಸು ಒಬ್ಬಳೇ ಕೂತು ನೋಡಿ, ಆಟ ಮುಗಿದ ಮೇಲೆ ಮೂರು ದಿನ ಸೀಟು ಬಿಟ್ಟು ಏಳಲಿಲ್ಲವಂತೆ. ಅಂದಿನಿಂದ ಎಡಕ್ಕೊಬ್ಬರು ಬಲಕ್ಕೊಬ್ಬರು ಇಲ್ಲದೆ ಸಾಬರು ಮಿಷನ್ ಮುಟ್ಟುವುದಿಲ್ಲ. ಚೀಟಿಯಲ್ಲಿ ಸುಳ್ಳು ಬರೆಸಿದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ, ಬರೀ ಬೆಳಕು. ನಮ್ಮ ಕಡೆ ಮಕ್ಕಳು ಸುಳ್ಳು ಹೇಳಿದರೆ ‘ಬಿಳಿ ಪರದೆ ಬಿಡಬೇಡ’ ಎಂದು ಗದರುವುದು ಅದಕ್ಕೇ.

ನನ್ನ ಹೆಸರು ಅನಸೂಯ. ಊರಿನ ಅಂಗನವಾಡಿಯಲ್ಲಿ ಟೀಚರ್ ಆಗಿದ್ದೇನೆ. ನಾನು ಹೇಳಹೊರಟಿರುವುದು ನಮ್ಮ ಎದುರು ಮನೆಯ ಹಾಲೇಶಪ್ಪನ ಆಟದ ವಿಷಯ. ರಕ್ತಸಂಬಂಧವಿಲ್ಲದಿದ್ದರೂ ಅವನನ್ನು ದೊಡ್ಡಪ್ಪ, ಅವನ ಹೆಂಡತಿ ಕೊಟ್ರಮ್ಮನನ್ನು ದೊಡ್ಡವ್ವ ಎಂದೇ ಕರೆದು ಬೆಳೆದವಳು ನಾನು. ನೂಲಿಗೆ ಬಣ್ಣ ಹಾಕುವುದು ದೊಡ್ಡಪ್ಪನ ಕಸುಬು. ತೊಟ್ಟಿಯಲ್ಲಿ ಅದ್ದಿ ಅದ್ದಿ ಅವನ ಎರಡು ಕೈಯೂ ಮೊಣಕೈವರೆಗೆ ನೀಲಿಯಾಗಿದ್ದವು. ನನ್ನ ನೆನಪಿನಲ್ಲಿ ಎಲ್ಲಕ್ಕಿಂತ ಹಳೆಯದು ಆ ಕೈ.

ಆಗ ನನಗೆ ಆರು ವರ್ಷ. ಅವರ ಒಬ್ಬಳೇ ಮಗಳು ವನಜಾಕ್ಷಿಗೆ ಏಳು. ಊರಾಚೆಯ ನಾಲೆಯಲ್ಲಿ ದೊಡ್ಡಪ್ಪ ನೂಲು ಜಾಲಿಸುತ್ತಿದ್ದ. ನಾವಿಬ್ಬರೂ ಮೇಲಿನ ಹಲಗೆ ಸೇತುವೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆವು. ತೂಬು ಎತ್ತಿದ್ದರೋ ಏನೋ, ನೀರು ಒಮ್ಮೆಗೇ ಏರಿ ಬಂದು ಹಲಗೆಯನ್ನು ಎತ್ತಿಹಾಕಿತು. ಆಮೇಲೆ ನನಗೆ ಗೊತ್ತಿರುವುದು ಮೂಗಿಗೆ ಹೊಡೆದ ಬಣ್ಣದ ವಾಸನೆ ಮತ್ತು ನನ್ನ ರಟ್ಟೆಯನ್ನು ಹಿಡಿದ ಆ ನೀಲಿ ಕೈ ಎರಡೇ. ನಾನು ಉಳಿದೆ. ವನಜಿ ಸ್ವಲ್ಪ ದೂರದವರೆಗೆ ಈಜಿ, ನೂಲು ಕಟ್ಟುವ ಒಂದು ಗೂಟವನ್ನು ಹಿಡಿದುಕೊಂಡಿದ್ದಳಂತೆ. ಗೂಟ ಕಿತ್ತುಬಂತು. ಅವಳು ಎರಡು ಫರ್ಲಾಂಗು ಕೆಳಗೆ ಸಿಕ್ಕಳು.

ಕೇಳಿದವರಿಗೆಲ್ಲ ದೊಡ್ಡಪ್ಪ ಒಂದೇ ಮಾತು ಹೇಳುತ್ತಿದ್ದ, ಕೈಗೆ ಸಿಕ್ಕಿದ ಕೈ ಹಿಡಿದೆ ಎಂದು. ಊರು ಅದನ್ನು ಒಪ್ಪಿತು. ದೊಡ್ಡವ್ವನೂ ಒಪ್ಪಿದಳು. ದೇವರು ಒಂದನ್ನು ಇಟ್ಟುಕೊಂಡು ಒಂದನ್ನು ಕೊಟ್ಟ, ಯಾರೇನು ಮಾಡುವುದು ಎಂದುಕೊಂಡು ಎದುರು ಮನೆಯ ಮಗುವಿಗೆ ಹಬ್ಬಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸಿದಳು. ನಾನು ಪಾಸಾದಾಗ ಸಕ್ಕರೆ ಕೊಟ್ಟಳು, ಮದುವೆಯಲ್ಲಿ ಮಡಿಲು ತುಂಬಿದಳು, ನನ್ನ ಎರಡು ಬಾಣಂತನದಲ್ಲೂ ಅವ್ವನ ಜತೆ ನಿಂತು ಎರೆದಳು. ನನಗೋ, ಹೊಸ ಸೀರೆ ಉಟ್ಟು ಅವರ ಮನೆ ಮುಂದೆ ಹಾದುಹೋಗಲು ಕಾಲು ಬರುತ್ತಿರಲಿಲ್ಲ. ಒಂದು ಮಾತು ಬಾಯಿಬಿಟ್ಟು ಹೇಳಬೇಕೆಂದು ಮೂವತ್ತನಾಲ್ಕು ವರ್ಷ ಅಂದುಕೊಂಡೆ. ಬದುಕಿಸಿದಿ ದೊಡ್ಡಪ್ಪ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು. ಆ ಹೊಟ್ಟೆ ತಣ್ಣಗಿರುವುದಾದರೂ ಹೇಗೆ? ಹೇಳಿದರೆ ಅವನ ಮಗಳ ಸಾವಿಗೇ ಕೈಮುಗಿದಂತಾಗುತ್ತದಲ್ಲ ಎಂದು ಮಾತು ಗಂಟಲಲ್ಲೇ ಉಳಿಯುತ್ತಿತ್ತು.

ದೊಡ್ಡಪ್ಪನಿಗೆ ಎಪ್ಪತ್ತೊಂದು ತುಂಬಿದ ವರ್ಷ ಕಣ್ಣು ಮಂಜಾಗತೊಡಗಿತು. ಕಣ್ಣಿನ ನರ ಒಣಗುತ್ತಿದೆ, ಇನ್ನು ಐದಾರು ತಿಂಗಳು, ಆಮೇಲೆ ಕಷ್ಟ ಎಂದರಂತೆ ಡಾಕ್ಟರು. ಅದಾದ ವಾರಕ್ಕೆ ಅವನು ಕೋಲೂರಿಕೊಂಡು ಅಂಗನವಾಡಿಗೆ ಬಂದ. ಮಕ್ಕಳು ಉಪ್ಪಿಟ್ಟು ತಿನ್ನುತ್ತಿದ್ದವು. ಬಾಗಿಲಲ್ಲೇ ನಿಂತು, ತನ್ನ ಸರದಿಯನ್ನು ಇಷ್ಟು ವರ್ಷ ಮುಂದಕ್ಕೆ ಹಾಕುತ್ತಲೇ ಬಂದದ್ದನ್ನೂ ಈಗ ಹಾಕುವಂತಿಲ್ಲ ಎಂಬುದನ್ನೂ ಹೇಳಿದ.

“ಶುಕ್ರವಾರ ನನ್ನ ಆಟ ಹಾಕಿಸ್ತಿದೀನಿ ಅನಸೂ. ಬಲಕ್ಕೆ ನಿಮ್ಮ ದೊಡ್ಡವ್ವ ಕೂರ್ತಾಳೆ. ಎಡಕ್ಕೆ ನೀನು ಕೂರ್ಬೇಕು.”

ಯಾವ ಸಂಗತಿ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅವನು ಹೋದ ಮೇಲೆ ಉಪ್ಪಿಟ್ಟಿನ ಪಾತ್ರೆಯನ್ನು ಎರಡೆರಡು ಸಲ ತೊಳೆದೆ. ಅವನ ಪಕ್ಕದಲ್ಲಿ ಕೂತು ನಾನು ಸಾಯುವುದನ್ನು ನೋಡಬೇಕು. ವನಜಿ ಬೆಳೆಯುವುದನ್ನು ನೋಡಬೇಕು. ಅದನ್ನು ನೋಡುತ್ತ ಅವನ ಮುಖ ಅರಳಿದರೆ ಅದನ್ನೂ ನೋಡಬೇಕು. ನಮ್ಮ ಮನೆಯವರು, ಬೇಡವೆಂದರೆ ಬೇಡ, ಬೇರೆ ಯಾರಾದರೂ ಕೂರಲಿ ಅಂದರು. ಸಂಜೆ ಅವ್ವನ ಹತ್ತಿರ ಹೋಗಿ ಅತ್ತೆ. ಅವ್ವ ಅವರೆಕಾಯಿ ಬಿಡಿಸುತ್ತಿದ್ದವಳು ಕೈ ನಿಲ್ಲಿಸದೆ ಕೇಳಿದಳು.

“ನೀರಲ್ಲಿ ನಿನ್ನ ಕೈ ಹಿಡಿಯೋವಾಗ ಅವಪ್ಪ ಯಾರನ್ನ ಕೇಳಿ ಹಿಡಿದ? ಹೋಗಿ ಕೂತ್ಕೋ. ನಾನೂ ಬರ್ತೀನಿ.”

ಶುಕ್ರವಾರ ಟಾಕೀಸು ತುಂಬಿತ್ತು. ನಾಲೆಯ ಕಥೆ ಗೊತ್ತಿಲ್ಲದವರು ಊರಲ್ಲಿ ಯಾರೂ ಇರಲಿಲ್ಲ. ನಾವು ಮೂವರು ಬಾಲ್ಕನಿಯ ಮೊದಲ ಸಾಲಿನಲ್ಲಿ, ಅವ್ವ ಕೆಳಗೆ ಬೆಂಚಿನಲ್ಲಿ. ದೊಡ್ಡವ್ವ ಮದುವೆಗೆ ಹೊರಟವಳಂತೆ ಇಳಕಲ್ಲು ಸೀರೆ ಉಟ್ಟು ಬಂದಿದ್ದಳು. ಮಗಳನ್ನು ನೋಡಲು ಹೊರಟವಳು ಇನ್ನು ಹೇಗೆ ಬರುತ್ತಾಳೆ? ದೀಪ ಆರಿತು. ಮಿಷನ್ ಶಬ್ದ ಶುರುವಾಯಿತು. ಪರದೆಯ ಮೇಲೆ ಬೆಳಕು ಬಿತ್ತು, ಬಿದ್ದು ಹಾಗೇ ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಬರೀ ಬಿಳಿ.

ಕೆಳಗೆ ಗುಸುಗುಸು ಎದ್ದು ತಾನಾಗಿಯೇ ಅಡಗಿತು. ಬುಡೇನ್ ಸಾಬರು ಮಿಷನ್ ನಿಲ್ಲಿಸಿ ತಾವೇ ಕೆಳಗಿಳಿದು ಬಂದು ದೊಡ್ಡಪ್ಪನ ಹತ್ತಿರ ಬಗ್ಗಿ, ಚೀಟಿಯಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆಗಿರಬಹುದು, ನನ್ನ ಕೈಬರಹವೇ ಸರಿಯಿಲ್ಲ ಎಂದರು. ಅಂಥ ಮರ್ಯಾದಸ್ಥರು. ದೊಡ್ಡಪ್ಪ ಮುಂದಿನ ಕಂಬಿ ಹಿಡಿದು ಎದ್ದುನಿಂತ. ಯಾರ ಕಡೆಗೂ ನೋಡದೆ, ಆ ಖಾಲಿ ಪರದೆಯ ಕಡೆಗೇ ಮುಖ ಮಾಡಿ ಹೇಳಿದ.

“ಕೈಗೆ ಸಿಕ್ಕಿದ ಕೈ ಅಂತ ಬರೆಸಿದ್ದೆ. ಹಂಗಲ್ಲ ಅದು. ಇಬ್ರೂ ಕಾಣ್ತಿದ್ರು ನನಗೆ. ವನಜಿ ಹತ್ರದಲ್ಲೇ ಇದ್ಲು. ಅವಳಿಗೆ ಈಜು ಬರ್ತಿತ್ತು, ನಾನೇ ಕಲಿಸಿದ್ದೆ. ಇವಳಿಗೆ ಬರ್ತಿರಲಿಲ್ಲ. ‘ಇರವ್ವ, ಬಂದೆ’ ಅಂದೆ. ಹ್ಞೂಂ ಅಂತ ತಲೆ ಆಡಿಸಿದ್ಲು. ನಾನು ಈ ಕಡೆ ತಿರುಗಿದೆ.”

ಇಷ್ಟು ಹೇಳಿ ಕೂತ. ಅಷ್ಟು ವರ್ಷ ನಾನು ಅದೃಷ್ಟಕ್ಕೆ ಉಳಿದವಳು ಎಂದುಕೊಂಡಿದ್ದೆ. ಹಾಗಲ್ಲ, ಒಬ್ಬ ಮನುಷ್ಯ ತನ್ನ ಕರುಳನ್ನು ನೀರಿನಲ್ಲಿ ಕಾಯಲು ಹೇಳಿ ನನ್ನ ಕಡೆ ತಿರುಗಿದ್ದ. ದೊಡ್ಡವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳು ಗಂಡನ ತೋಳಿಗೆ ತಾಗಿದ್ದ ತನ್ನ ತೋಳನ್ನು ಎಳೆದುಕೊಂಡದ್ದು ಮಾತ್ರ ಕಣ್ಣಂಚಿಗೆ ಕಂಡಿತು. ಸಾಬರು ಏನು ಮಾಡಬೇಕೆಂದು ತೋಚದೆ ನಿಂತಿದ್ದರು. ಕೊನೆಗೆ ಅವಳೇ ಬಾಯಿಬಿಟ್ಟಳು.

“ತಿದ್ದಿ ಹಾಕಿ ಸಾಬ್ರೆ. ನಾನು ನನ್ನ ಮಗಳನ್ನ ನೋಡ್ಬೇಕು.”

ಬಿಳಿ ಪರದೆ ಆಟದ ಲೆಕ್ಕಕ್ಕೆ ಬರುವುದಿಲ್ಲ; ಸಾಬರು ಚೀಟಿ ತಿದ್ದಿ ಡಬ್ಬಿಯಲ್ಲಿಟ್ಟು, ರೀಲು ತುಂಬಿದ ಮೇಲೆ ಮತ್ತೆ ಮಿಷನ್ ಹಾಕಿದರು. ಈ ಸಲ ಪರದೆಯ ಮೇಲೆ ನಾಲೆ ಬಂತು. ನೀರು ಏರಿತು. ದೊಡ್ಡಪ್ಪ, ಕಪ್ಪು ಮೀಸೆಯ ಮೂವತ್ತೇಳರ ದೊಡ್ಡಪ್ಪ, ಎರಡು ಹೆಜ್ಜೆ ಹಾಕಿ ವನಜಿಯನ್ನು ಬಾಚಿ ದಡಕ್ಕೆ ಹಾಕಿ ತಿರುಗಿದ. ತಿರುಗಿದಾಗ ನೀರು ಸಪಾಟಾಗಿತ್ತು. ಏನೂ ಇರಲಿಲ್ಲ. ನಾನು ಅಷ್ಟು ಬೇಗ ಹೋಗಿದ್ದೆ. ಅವ್ವ ರೊಟ್ಟಿ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಆ ಭಾಗವನ್ನು ನಾನು ಪೂರ್ತಿ ನೋಡಲಿಲ್ಲ, ತಲೆ ತಗ್ಗಿಸಿದೆ.

ಆಮೇಲೆ ವನಜಾಕ್ಷಿ ಬೆಳೆದಳು. ಹತ್ತು ವರ್ಷದ ವನಜಿ ಗಂಡಸರ ಸೈಕಲ್ಲಿನಲ್ಲಿ ಕಂಬಿಯ ಕೆಳಗೆ ಕಾಲು ತೂರಿಸಿ ಓಣಿಯ ತುಂಬ ಓಡಿಸಿದಳು. ಹದಿನಾರರಲ್ಲಿ ಲೆಕ್ಕದಲ್ಲಿ ಫೇಲಾಗಿ ಅಳಲೂ ಇಲ್ಲ. ಊಟದಲ್ಲಿ ಬದನೆಕಾಯಿ ಹೋಳುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ತಳ್ಳಿದಳು. ಎತ್ತರದ ಹುಡುಗಿ, ನಕ್ಕರೆ ಒಸಡು ಕಾಣುವಂಥವಳು. ಪ್ರಿಂಟಿಂಗ್ ಪ್ರೆಸ್ಸಿನವನೊಬ್ಬನನ್ನು ತಾನೇ ಆರಿಸಿಕೊಂಡು, ಅಪ್ಪ ಬೇಡವೆಂದರೂ ಕೇಳದೆ ಮದುವೆಯಾದಳು. ಎರಡು ಹೆಣ್ಣುಮಕ್ಕಳು. ಕೆಳಗೆ ಕೂತವರು ಅವಳ ಮಾತಿಗೆ ಅಲ್ಲಲ್ಲಿ ನಕ್ಕರು. ದೊಡ್ಡಪ್ಪ ಸೀಟಿನ ತುದಿಗೆ ಬಂದು, ಇದ್ದಷ್ಟು ಕಣ್ಣನ್ನೆಲ್ಲ ಅಗಲಿಸಿ ನೋಡುತ್ತಿದ್ದ.

ಪರದೆಯ ಮೇಲಿನ ದೊಡ್ಡಪ್ಪ ಮಾತ್ರ ಬೇರೆಯವನೇ ಆಗಿದ್ದ. ಅವನು ಮತ್ತೆ ನಾಲೆಗಿಳಿಯಲಿಲ್ಲ, ಕಸುಬು ಬಿಟ್ಟ. ಕೈಯ ನೀಲಿ ಮಾಸಿ ಮಾಸಿ ಬೇರೆ ಯಾರದೋ ಕೈಯಂತಾಯಿತು. ನಮ್ಮ ಮನೆಗೆ ಎದುರಾಗಿದ್ದ ತನ್ನ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ ಮುಚ್ಚಿ, ಹಿತ್ತಿಲ ಕಡೆ ಹೊಸ ಬಾಗಿಲು ಇಡಿಸಿದ. ವನಜಿ ಆ ಹಿತ್ತಿಲ ಬಾಗಿಲಿಂದ ಸುತ್ತಿ ಬಳಸಿ ಬಂದು, ನಮ್ಮ ಮನೆಯ ಮೆಟ್ಟಿಲ ಮೇಲೆ ಅವ್ವನ ಪಕ್ಕ ಕೂರುತ್ತಿದ್ದಳು. ಹಬ್ಬಕ್ಕೆ ಹೋಳಿಗೆ ತರುತ್ತಿದ್ದಳು. ಅವ್ವ ಕೆಲವು ಸಲ ತಿನ್ನುತ್ತಿದ್ದಳು, ಕೆಲವು ಸಲ ಇಲ್ಲ. ಮೂವತ್ತು ದಾಟಿದ ವನಜಿ ಒಂದು ದಿನ ಅಪ್ಪನ ಮುಂದೆ ಕೂತು, ಅವತ್ತು ಅನಸೂ ನಿನಗೆ ಕಾಣಲಿಲ್ಲವಾ ಎಂದು ಕೇಳಿದಳು. ಪರದೆಯ ಮೇಲಿನ ಮನುಷ್ಯ ಗೋಡೆ ನೋಡಿಕೊಂಡು, ಕೈಗೆ ಸಿಕ್ಕಿದ ಕೈ ಹಿಡಿದೆ ಅಂದ. ಅದೇ ಮಾತು, ಅದೇ ದನಿ. ನನ್ನ ಪಕ್ಕದಲ್ಲಿದ್ದ ದೊಡ್ಡಪ್ಪ ಕಣ್ಣು ಮುಚ್ಚಿಕೊಂಡ. ದೊಡ್ಡವ್ವನ ಗಂಟಲಿಂದ ಒಂದು ಸಣ್ಣ ಶಬ್ದ ಬಂತು.

ಆಟ ಮುಗಿದು ದೀಪ ಹತ್ತಿತು. ಆಟದವರು ಏಳುವವರೆಗೆ ಯಾರೂ ಏಳಬಾರದು. ದೊಡ್ಡಪ್ಪ ನಿಧಾನಕ್ಕೆ ಎದ್ದು ಪರದೆಗೆ ಕೈಮುಗಿದ. ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ತನಗೆ ಇಷ್ಟು ವರ್ಷ ಏಳು ವರ್ಷದ ಮುಖ ಒಂದೇ ಗೊತ್ತಿತ್ತು ಅಂದ. ಅವಳಿಗೆ ಈಗ ಇಪ್ಪತ್ತಾಗಿರುತ್ತಿತ್ತು, ಮೂವತ್ತಾಗಿರುತ್ತಿತ್ತು ಎಂದು ಎಣಿಸಿದಾಗಲೂ ಸೀರೆಯುಟ್ಟ ಮೈಮೇಲೆ ಅದೇ ಪುಟ್ಟ ಮುಖ ಬಂದು ಕೂರುತ್ತಿತ್ತಂತೆ. ಈಗ ಎಲ್ಲ ವಯಸ್ಸಿನ ಮುಖವೂ ಸಿಕ್ಕಿತು, ಕಣ್ಣು ಹೋದರೆ ಹೋಗಲಿ ಅಂದ. ದೊಡ್ಡವ್ವ ನಮ್ಮಿಬ್ಬರನ್ನೂ ಬಿಟ್ಟು ಮುಂದೆ ಮುಂದೆ ನಡೆದುಹೋದಳು. ಟಾಕೀಸಿನ ಬಾಗಿಲಲ್ಲಿ ಕಾಯುತ್ತಿದ್ದ ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡವಳು, ನಲವತ್ತು ವರ್ಷದ ನನ್ನನ್ನು ರಸ್ತೆ ದಾಟಿಸುವ ಕೂಸಿನಂತೆ ಮನೆಯವರೆಗೂ ಹಿಡಿದೇ ನಡೆದಳು.

ದೊಡ್ಡವ್ವ ಹನ್ನೊಂದು ದಿನ ಗಂಡನ ಜತೆ ಮಾತಾಡಲಿಲ್ಲ. ಅಡುಗೆ ಮಾಡಿ ಮುಚ್ಚಿಟ್ಟು ಹಿತ್ತಿಲಿಗೆ ಹೋಗಿಬಿಡುತ್ತಿದ್ದಳಂತೆ. ಅವನು ತಡವರಿಸಿಕೊಂಡು ಬಡಿಸಿಕೊಂಡು ಉಣ್ಣುತ್ತಿದ್ದ. ನಾನು ಎದುರು ಬಾಗಿಲು ತಟ್ಟಲು ಎರಡು ಸಲ ಹೋಗಿ ಎರಡು ಸಲವೂ ವಾಪಸು ಬಂದೆ. ಆ ಮನೆಯಲ್ಲಿ ನಡೆದಿರುವುದಕ್ಕೆಲ್ಲ ನಾನೇ ಮೂಲ; ಯಾವ ಮುಖ ಹೊತ್ತು ಹೋಗಲಿ?

ಹನ್ನೆರಡನೇ ದಿನ ಮಧ್ಯಾಹ್ನ ಮಕ್ಕಳನ್ನೆಲ್ಲ ಮನೆಗೆ ಕಳಿಸಿ ಚಾಪೆ ಸುತ್ತುತ್ತಿದ್ದೆ, ದೊಡ್ಡವ್ವ ಬಂದಳು. ನಾನು ಕುರ್ಚಿ ಎಳೆದರೂ ಕೂರದೆ ಮಕ್ಕಳ ಚಾಪೆಯ ಮೇಲೆಯೇ ಕೂತಳು. ಗೋಡೆಯ ಮೇಲೆ ಬರೆದಿದ್ದ ಆನೆ, ಒಂಟೆಗಳನ್ನು ನೋಡುತ್ತ, ನನ್ನ ಮುಖ ನೋಡದೆ ಮಾತು ತೆಗೆದಳು. ಅಷ್ಟು ವರ್ಷ ನನಗೆ ಹೋಳಿಗೆ ಕೊಟ್ಟಾಗಲೆಲ್ಲ ಒಳಗೊಂದು ಮುಳ್ಳು ಚುಚ್ಚುತ್ತಿತ್ತಂತೆ, ಆ ಕೈಗೆ ಇನ್ನೊಂದು ಕೈ ಸಿಕ್ಕಿದ್ದರೆ ಎಂದು. ಸುಮ್ಮನೆ ಕೈತಪ್ಪಿ ಹೋದ ಮಗಳು ಎಂದು ಅಳುತ್ತಿದ್ದಳಂತೆ. ಈಗ ಅವನು ನೋಡಿಯೇ ತಿರುಗಿದ ಎಂದು ಗೊತ್ತಾಗಿ ಮೊದಲೆರಡು ದಿನ ಅವನನ್ನು ಕೊಂದುಬಿಡಬೇಕು ಅನ್ನಿಸಿತಂತೆ. ಆಮೇಲೆ ಹಿತ್ತಿಲಲ್ಲಿ ಕೂತು ಕೂತು ಯೋಚನೆ ಮಾಡಿದಳಂತೆ. ಈಜು ಬಲ್ಲವಳು ಒಂದು ಗಳಿಗೆ ತಡೆದುಕೊಳ್ಳುತ್ತಾಳೆ, ಬಾರದವಳು ತಡೆದುಕೊಳ್ಳುವುದಿಲ್ಲ. ಅವನ ಎಣಿಕೆಯಲ್ಲಿ ಎಲ್ಲಿತ್ತು ತಪ್ಪು? ಗೂಟ ಕಿತ್ತುಬಂದದ್ದು ಅವನ ತಪ್ಪೇ? ಮಗಳು ಅಪ್ಪನನ್ನು ನಂಬಿ ತಲೆಯಾಡಿಸಿದ್ದಳು. ಏಳು ವರ್ಷದ ಕೂಸು ಒಪ್ಪಿದ್ದನ್ನು ತಾನು ಒಪ್ಪುವುದಿಲ್ಲ ಅಂದರೆ ಹೇಗೆ?

ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದಳು.

“ಅವತ್ತು ನಾಲೆ ಹತ್ರ ನಾನಿದ್ದಿದ್ರೆ ನನ್ನ ಮಗಳನ್ನೇ ಹಿಡೀತಿದ್ದೆ ಅನಸೂ. ನಿನ್ನ ಕಡೆ ತಿರುಗಿ ಸಹಾ ನೋಡ್ತಿರಲಿಲ್ಲ. ಈ ಗ್ವಾಡೆ ತುಂಬ ಆನೆ ಬರೆಯೋಕೆ ನೀನು ಇರ್ತಿರಲಿಲ್ಲ. ನಾನಿರಲಿಲ್ಲ, ಒಳ್ಳೇದಾತು.”

ಮೂವತ್ತನಾಲ್ಕು ವರ್ಷ ಗಂಟಲಲ್ಲಿದ್ದ ಮಾತು ಆಗ ಬಂತು. ಅವನಿಗೆ ಹೇಳಬೇಕೆಂದು ಇಟ್ಟುಕೊಂಡದ್ದನ್ನು ಅವಳ ಮಡಿಲಲ್ಲಿ ತಲೆಯಿಟ್ಟು ಹೇಳಿದೆ, ಬದುಕಿಸಿದಿರಿ ದೊಡ್ಡವ್ವ ಎಂದು. ಅವಳು ಬೆನ್ನು ಸವರುತ್ತ, ಆತು ಬಿಡು, ಆತು ಬಿಡು ಅಂದಳು. ಎದ್ದು ಸೆರಗು ಕೊಡವಿಕೊಂಡು, ಮನೆಯಲ್ಲಿ ರೊಟ್ಟಿ ಬಡಿದಿಟ್ಟಿದ್ದೇನೆ, ನಡಿ ಅಂದಳು.

ಅವರ ಮನೆಯಲ್ಲಿ ದೊಡ್ಡಪ್ಪ ಕಿಟಕಿಯ ಬೆಳಕಿಗೆ ಮುಖ ಕೊಟ್ಟು ಕೂತಿದ್ದ. ದೊಡ್ಡವ್ವ ಹೊಸ್ತಿಲು ದಾಟುತ್ತಲೇ, ಹನ್ನೊಂದು ದಿನ ಏನೂ ಆಗಿಯೇ ಇಲ್ಲವೆಂಬಂತೆ, ಕೈ ತೊಳಕೊಳ್ಳಿ, ಅನಸೂ ಬಂದವಳೆ ಅಂದಳು. ಅವನು ಚೊಂಬಿಗಾಗಿ ನೆಲ ಸವರಿದ. ದೊಡ್ಡವ್ವ ಚೊಂಬನ್ನು ಎತ್ತಿ ಅವನ ಕೈಗೆ ನೀರು ಹಾಕಿದಳು.

ಮೂವರೂ ಗೋಡೆಗೆ ಒರಗಿ ಉಣ್ಣಲು ಕೂತೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ರೊಟ್ಟಿ ಮುರಿಯುತ್ತ ದೊಡ್ಡವ್ವ, ಅವಳಿಗೆ ಬದನೆಕಾಯಿ ಸೇರುತ್ತಿರಲಿಲ್ಲ ನೋಡಿದಿರಾ ಅಂದಳು. ದೊಡ್ಡಪ್ಪ, ಚಿಕ್ಕಂದಿನಲ್ಲೂ ಹಾಗೇ, ನಿನ್ನ ಕಣ್ಣು ತಪ್ಪಿಸಿ ನನ್ನ ತಟ್ಟೆಗೆ ಹಾಕುತ್ತಿದ್ದಳು ಅಂದ. ಆ ಮನೆಯಲ್ಲಿ ನನ್ನ ಎದುರಿಗೆ ವನಜಿಯ ಮಾತು ಬಂದದ್ದೇ ಅದು ಮೊದಲು. ನನಗೂ ಧೈರ್ಯ ಬಂತು.

“ನನಗಿಂತ ಎತ್ತರ ಇರ್ತಿದ್ಲು ದೊಡ್ಡವ್ವ.”

ದೊಡ್ಡವ್ವ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದಳು. “ಹ್ಞೂಂ. ನೀನು ಅವಳ ಹೆಗಲಿಗೆ ಬರ್ತಿದ್ದೆ.”

ಇವಳಿಗೆ ಸೈಕಲ್ ಕಂಡರೆ ಹೆದರಿಕೆ, ಅವಳಿದ್ದಿದ್ರೆ ಅವಳೇ ಕಲಿಸ್ತಿದ್ಲು ಅಂದ ದೊಡ್ಡಪ್ಪ. ಕಲಿಸುವುದೆಲ್ಲಿ ಬಂತು, ಹಿಂದಿನಿಂದ ತಳ್ಳಿ ಓಡಿಹೋಗ್ತಿದ್ಲು ಅಂದಳು ದೊಡ್ಡವ್ವ. ಇಬ್ಬರೂ ಉಳಿದಿದ್ದರೆ ಮೊಣಕಾಲು ತರಚಿಕೊಂಡು ಬರುತ್ತಿದ್ದೆವಂತೆ, ನನ್ನ ಅವ್ವ ವನಜಿಗೆ ಬೈಯುತ್ತಿದ್ದಳಂತೆ, ದೊಡ್ಡವ್ವ ನನಗೆ ಬೈಯುತ್ತಿದ್ದಳಂತೆ. ಲೆಕ್ಕದ ಪರೀಕ್ಷೆಗೆ ನಾನು ಅವಳನ್ನು ಕೂರಿಸಿಕೊಂಡು ಓದಿಸುತ್ತಿದ್ದೆನಂತೆ, ಆದರೂ ಅವಳು ಫೇಲಾಗುತ್ತಿದ್ದಳಂತೆ. ಪ್ರೆಸ್ಸಿನ ಹುಡುಗನ ಕಾಗದಗಳು ನನ್ನ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಬರುತ್ತಿದ್ದವಂತೆ. ಹಾಗಂದಾಗ ದೊಡ್ಡವ್ವನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ದೊಡ್ಡಪ್ಪ ಕೈಯಲ್ಲಿದ್ದ ತುತ್ತನ್ನು ಮರೆತು, ಹೆಂಡತಿಯ ದನಿ ಬಂದ ಕಡೆಗೆ ಮುಖ ತಿರುಗಿಸಿದ.

“ಆಮೇಲೆ? ಆಮೇಲೆ ಏನಾತು?”

“ತಟ್ಟೇಲಿರೋದು ಉಣ್ಣಿ ಮೊದ್ಲು,” ಅಂದಳು ದೊಡ್ಡವ್ವ, ಅವನ ರೊಟ್ಟಿಯ ಮೇಲೆ ಬೆಣ್ಣೆ ಹಾಕುತ್ತ. “ಹೇಳ್ತೀನಿ.”